ಕಾಣುವ ದಾರ, ಎಳೆಯುವ ದಾರ

ಟ್ರೌಟ್ ಮೀನು ಮೇಲೆ ಬಂತು, ತೇಲುತ್ತಿದ್ದ ಫ್ಲೈಯ ಹತ್ತಿರ ಮೂತಿ ತಂದಿತು, ಬಾಯಿ ತೆರೆಯದೆ ಹಾಗೇ ಕೆಳಗಿಳಿಯಿತು. ಪಕ್ಕದಲ್ಲಿ ನಿಂತವನ ಬಳಿ ಮದ್ದು ಸಿದ್ಧವಾಗಿರುತ್ತದೆ: "ದಾರ ಕಾಣಿಸಿತು ಅದಕ್ಕೆ. ಇನ್ನೊಂದು ನಂಬರು ಸಪೂರ ಹಾಕು." ಅಂಗಡಿಯವನೂ ಇದನ್ನೇ ಹೇಳುತ್ತಾನೆ, ಪುಸ್ತಕಗಳೂ ಇದನ್ನೇ ಹೇಳುತ್ತವೆ. ಪೆನ್ಸಿಲ್ವೇನಿಯಾದ ಹೊಳೆಗಳಲ್ಲಿ ಸೊಂಟದ ತನಕ ನೀರಿಗಿಳಿದು ನಿಂತು ನಾನೂ ಬಹಳ ವರ್ಷ ಹೊಸಬರಿಗೆ ಇದನ್ನೇ ಹೇಳಿಕೊಟ್ಟಿದ್ದೇನೆ. ಈಗ ಹೇಳುವುದಿಲ್ಲ. ಆ ಮೀನು ತಿರುಗಿ ಹೋದದ್ದು ದಾರ ಕಂಡದ್ದಕ್ಕಲ್ಲ, ದಾರ ಎಳೆದದ್ದಕ್ಕೆ. ಲೀಡರ್, ಟಿಪ್ಪೆಟ್ ಕಟ್ಟುವ ವಿಷಯದಲ್ಲಿ ನಾವು ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಎರಡನ್ನು ಒಂದೇ ಎಂದುಕೊಂಡದ್ದರಿಂದ ಹುಟ್ಟಿದ್ದು.

ಈ ವಿದ್ಯೆಯ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮೂರ ಗಾಳದಲ್ಲಿ ತೂಕ ಇರುವುದು ಎರೆಯಲ್ಲಿ, ಇಲ್ಲವೇ ದಾರಕ್ಕೆ ಕಟ್ಟಿದ ಸೀಸದ ಗುಂಡಿನಲ್ಲಿ. ಫ್ಲೈ ಫಿಶಿಂಗ್‌ನಲ್ಲಿ ಎರೆ ಇಲ್ಲ. ಗರಿ, ಕೂದಲು, ನೂಲುಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಒಂದು ಹುಳದ ವೇಷ ಇರುತ್ತದೆ. ಅದಕ್ಕೆ ಭತ್ತದ ಹೊಟ್ಟಿನಷ್ಟೂ ತೂಕವಿಲ್ಲ. ಅದನ್ನು ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಹಾಗಾಗಿ ತೂಕವನ್ನು ಲೈನಿಗೇ ಕೊಟ್ಟಿದ್ದಾರೆ. ಸುಮಾರು ಒಂದು ಮಿಲಿಮೀಟರ್ ದಪ್ಪದ, ಪ್ಲಾಸ್ಟಿಕ್ ಹೊದಿಕೆಯ ಆ ಲೈನು ಗಾಳಿಯಲ್ಲಿ ಚಾಟಿಯಂತೆ ಬಿಚ್ಚಿಕೊಂಡು ಫ್ಲೈಯನ್ನು ಹೊತ್ತು ಹೋಗುತ್ತದೆ. ಆ ದಪ್ಪ ಲೈನಿಗೆ ನೇರವಾಗಿ ಫ್ಲೈ ಕಟ್ಟಲಾಗುವುದಿಲ್ಲವಲ್ಲ, ಅದಕ್ಕೆ ನಡುವೆ ಲೀಡರ್. ಬುಡದಲ್ಲಿ ಅರ್ಧ ಮಿಲಿಮೀಟರ್ ಇದ್ದು, ಒಂಬತ್ತು ಅಡಿ ಮುಗಿಯುವಷ್ಟರಲ್ಲಿ ಕೂದಲಿನ ಹತ್ತಿರಕ್ಕೆ ಸಪೂರವಾಗುವ ದಾರ. ಅದರ ತುದಿಗೆ ಬೇರೆಯಾಗಿ ಗಂಟು ಹಾಕಿದ ಎರಡು ಮೂರು ಅಡಿಯ ತುಂಡೇ ಟಿಪ್ಪೆಟ್. ಫ್ಲೈ ಬದಲಿಸಿದಾಗಲೆಲ್ಲ ಒಂದೊಂದು ಗೇಣು ಖರ್ಚಾಗುವುದು ಇದು, ಅಂಗಡಿಯವನಿಗೆ ವರ್ಷವಿಡೀ ಅನ್ನ ಹಾಕುವುದೂ ಇದು.

ಎಳೆತ ಎಂದರೇನು ಎಂದು ನನಗೆ ಅರ್ಥವಾದದ್ದು ಅಮೆರಿಕದಲ್ಲಲ್ಲ, ಶೃಂಗೇರಿಯಲ್ಲಿ. ಊರಿಗೆ ಹೋದಾಗ ಮಠದ ಮೆಟ್ಟಿಲ ಮೇಲೆ ಕೂತು ತುಂಗೆಗೆ ಮಂಡಕ್ಕಿ ಎಸೆಯುತ್ತಿದ್ದೆ. ಮಂಡಕ್ಕಿ ಕಾಳುಗಳೆಲ್ಲ ನೀರು ಹೋದ ಕಡೆ ಹೋಗುತ್ತಿದ್ದವು. ನೀರು ತಿರುಗಿದಲ್ಲಿ ತಿರುಗಿ, ನಿಂತಲ್ಲಿ ನಿಂತು. ಮೀನುಗಳು ಅವನ್ನು ನಿರಾಳವಾಗಿ ನುಂಗುತ್ತಿದ್ದವು. ಅಲ್ಲಿ ಗಾಳ ಹಾಕುವಂತಿಲ್ಲ, ಹಾಕುವ ಮನಸ್ಸೂ ನನಗಿಲ್ಲ. ಆದರೆ ಗಾಳದವನ ಬುದ್ಧಿ ಎಲ್ಲಿ ಹೋಗುತ್ತದೆ? ಇವುಗಳಲ್ಲಿ ಒಂದು ಕಾಳಿಗೆ ನೂಲು ಕಟ್ಟಿ, ಅದರ ತುದಿ ನಾನು ಹಿಡಿದುಕೊಂಡಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿದೆ. ಉಳಿದ ನೂರು ಕಾಳು ಕೆಳಗೆ ಸಾಗುವಾಗ ಆ ಒಂದು ಕಾಳು ಮಾತ್ರ ಅಡ್ಡಕ್ಕೆ ಜಾರುತ್ತಿತ್ತು, ಹಿಂದೆ ಪುಟ್ಟ ಗೆರೆಯೊಂದನ್ನು ಎಳೆಯುತ್ತಿತ್ತು. ನೂಲು ಕಾಣದಿದ್ದರೂ ಆ ಕಾಳು ಬೇರೆ ಜಾತಿಯದು ಎಂದು ನನಗೇ ದಡದಿಂದ ಗೊತ್ತಾಗುತ್ತಿತ್ತು. ಹುಟ್ಟಿದಂದಿನಿಂದ ನೀರು ತಂದದ್ದನ್ನು ತಿಂದು ಬದುಕಿದ ಮೀನಿಗೆ ಗೊತ್ತಾಗದೆ ಇರುತ್ತದೆಯೇ?

ಸಪೂರವೇ ಶ್ರೇಷ್ಠ ಎಂಬ ನಂಬಿಕೆಗೆ ಮುನ್ನೂರೈವತ್ತು ವರ್ಷದ ವಯಸ್ಸಾಗಿದೆ. ಐಸಾಕ್ ವಾಲ್ಟನ್ನನ ಮೀನುಗಾರಿಕೆಯ ಪುಸ್ತಕಕ್ಕೆ 1676ರಲ್ಲಿ ಫ್ಲೈ ಫಿಶಿಂಗ್ ಭಾಗವನ್ನು ಸೇರಿಸಿದ ಚಾರ್ಲ್ಸ್ ಕಾಟನ್ ಆಗಲೇ ಸಪೂರ ದಾರ, ದೂರದ ನಿಲುವು ಎಂದು ಉಪದೇಶ ಮಾಡಿದ್ದ. ಆಗಿನದು ಕುದುರೆ ಬಾಲದ ಕೂದಲು. ಅದರ ನಂತರ ಬಂದದ್ದು ರೇಷ್ಮೆ ಹುಳದ ಕರುಳು ಎಂದು ಹೆಸರಾದ ದಾರ. ಹೆಸರಷ್ಟೇ ಕರುಳು, ನಿಜವಾಗಿ ಅದು ಹುಳದ ರೇಷ್ಮೆ ಗ್ರಂಥಿ. ನಮ್ಮ ರಾಮನಗರ, ಶಿಡ್ಲಘಟ್ಟದ ರೈತರು ಹಣ್ಣಾದ ಹುಳವನ್ನು ಚಂದ್ರಿಕೆಗೆ ಹತ್ತಿಸುವ ಹೊತ್ತಿಗೆ ಸ್ಪೇನಿನ ಮುರ್ಸಿಯಾದವರು ಅದೇ ಜಾತಿಯ ಹುಳವನ್ನು ವಿನಿಗರ್‌ನಲ್ಲಿ ಮುಳುಗಿಸಿ ಕೊಂದು, ಗ್ರಂಥಿಯನ್ನು ಕೈಯಿಂದ ಹಿಡಿದೆಳೆದು ಮೊಳದಷ್ಟು ಉದ್ದದ ಎಳೆ ಮಾಡುತ್ತಿದ್ದರು. ಇನ್ನೂ ಸಪೂರ ಬೇಕಾದರೆ, ಅಕ್ಕಸಾಲಿಗರು ತಂತಿ ಎಳೆಯುವ ಕಂಬಚ್ಚಿನಂಥ ಉಕ್ಕಿನ ತಟ್ಟೆಯ ತೂತಿನಲ್ಲಿ ಅದನ್ನು ತೂರಿಸಿ ಎಳೆಯಬೇಕು. ಒಮ್ಮೆ ಎಳೆದದ್ದು 1ಎಕ್ಸ್, ಎರಡು ಸಲ ಎಳೆದದ್ದು 2ಎಕ್ಸ್. ಇವತ್ತು ಟಿಪ್ಪೆಟ್ ರೀಲಿನ ಮೇಲೆ ಅಚ್ಚಾಗಿರುವ ಎಕ್ಸ್ ಅದೇ. ಹುಳವೂ ಹೋಯಿತು, ತೂತೂ ಹೋಯಿತು, ಎಣಿಕೆ ಮಾತ್ರ ಉಳಿಯಿತು. ಈಗ 11ರಿಂದ ಎಕ್ಸ್ ಸಂಖ್ಯೆಯನ್ನು ಕಳೆದರೆ ಇಂಚಿನ ಸಾವಿರದಲ್ಲಿ ಎಷ್ಟು ಭಾಗ ಎಂದು ಸಿಗುತ್ತದೆ. 5ಎಕ್ಸ್ ಎಂದರೆ ಸಾವಿರದಲ್ಲಿ 6, ಅಂದರೆ 0.15 ಮಿಲಿಮೀಟರ್, ಮನುಷ್ಯನ ಎರಡು ಕೂದಲು ಜೋಡಿಸಿದಷ್ಟು.

ಆ ಕರುಳಿನ ಕಾಲದ ಮೀನುಗಾರನ ಅನುಭವವನ್ನು ನಾನು ಸುಳ್ಳು ಎನ್ನುವುದಿಲ್ಲ. ಸಪೂರ ಹಾಕಿದಾಗ ಅವನಿಗೆ ಹೆಚ್ಚು ಮೀನು ಸಿಕ್ಕಿದ್ದು ನಿಜ; ನನಗೂ ಸಿಕ್ಕಿದೆ. ತಪ್ಪಿದ್ದು ಕಾರಣದಲ್ಲಿ. ಕರುಳು ಒಣಗಿದರೆ ತಂತಿಯಂತೆ ಸೆಟೆದುಕೊಳ್ಳುತ್ತಿತ್ತು, ಗಂಟು ಹಾಕಿದರೆ ಸೀಳುತ್ತಿತ್ತು. ಹೊಳೆಗೆ ಹೊರಡುವ ಮುಂಚೆ ಅದನ್ನು ನೀರಲ್ಲಿ ನೆನೆಹಾಕಬೇಕು, ಒದ್ದೆ ಬಟ್ಟೆಯ ನಡುವೆ ಡಬ್ಬಿಯಲ್ಲಿಟ್ಟುಕೊಂಡು ಹೋಗಬೇಕು. ಅಂಥ ಸೆಟೆದ ದಾರದಲ್ಲಿ ಒಂದು ಎಕ್ಸ್ ಇಳಿಸಿದರೆ ಬಳುಕು ಎಷ್ಟು ಬದಲಾಗುತ್ತಿತ್ತು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಕಣ್ಣಿಗೆ ಕಂಡದ್ದು ದಪ್ಪ ಕಡಿಮೆಯಾದದ್ದು, ಹಾಗಾಗಿ ಮೀನಿನ ಕಣ್ಣಿಗೂ ಅದೇ ಕಂಡಿರಬೇಕು ಎಂದುಕೊಂಡರು.

ಲೆಕ್ಕ ಹಾಕೋಣ. 5ಎಕ್ಸ್ ತೆಗೆದು 6ಎಕ್ಸ್ ಹಾಕಿದರೆ ಅಗಲ 6ರಿಂದ 5ಕ್ಕೆ ಇಳಿಯುತ್ತದೆ. ಮೀನಿಗೆ ಕಾಣುವುದು ಅಗಲವೇ ಆದರೆ ಉಳಿತಾಯ ಆರರಲ್ಲಿ ಒಂದು ಪಾಲು ಮಾತ್ರ. ಆದರೆ ದುಂಡನೆಯ ದಾರವೊಂದು ಬಾಗುವುದಕ್ಕೆ ಒಡ್ಡುವ ಪ್ರತಿರೋಧ ವ್ಯಾಸದ ನಾಲ್ಕನೇ ಘಾತದಂತೆ ಬದಲಾಗುತ್ತದೆ. 6ರ ನಾಲ್ಕನೇ ಘಾತ 1296, 5ರದು 625. ಅಂದರೆ ಅದೇ ಒಂದು ನಂಬರಿನ ಬದಲಾವಣೆಯಲ್ಲಿ ಸೆಟೆತ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆಯಾಯಿತು. ಕಾಣುವಿಕೆ ಆರನೇ ಒಂದು ಪಾಲು ಇಳಿದದ್ದಕ್ಕೆ ಮೀನು ಮನಸ್ಸು ಬದಲಿಸಿತೋ, ಸೆಟೆತ ಅರ್ಧವಾಗಿ ಫ್ಲೈ ನೀರಿನ ಜೊತೆ ಸರಾಗವಾಗಿ ತೇಲಿದ್ದಕ್ಕೋ? ನನಗಂತೂ ಅನುಮಾನವಿಲ್ಲ. ಇನ್ನೊಂದು ಲೆಕ್ಕವೂ ಇದೆ. ಒಂದು ತುದಿ ಹಿಡಿದ ಕಡ್ಡಿಯ ಬಳುಕು ಅದರ ಉದ್ದದ ಮೂರನೇ ಘಾತದಂತೆ ಹೆಚ್ಚುತ್ತದೆ. 60 ಸೆಂಟಿಮೀಟರ್ ಟಿಪ್ಪೆಟನ್ನು 90 ಮಾಡಿದರೆ ತುದಿಯ ಸೆಟೆತ ಮೂರೂಕಾಲು ಪಟ್ಟಿಗಿಂತ ಹೆಚ್ಚು ತಗ್ಗುತ್ತದೆ. ನೀರಿನ ಮೇಲೆ ಬಿದ್ದ ದಾರ ಲ್ಯಾಬಿನ ಕಡ್ಡಿಯಲ್ಲ ಎಂಬುದು ನನಗೂ ಗೊತ್ತು, ಈ ಅಂಕಿಗಳನ್ನು ಅಕ್ಷರಶಃ ಹಿಡಿದುಕೊಳ್ಳಬೇಡಿ. ಆದರೂ ದಿಕ್ಕು ಸ್ಪಷ್ಟ: 90 ಸೆಂಟಿಮೀಟರಿನ 5ಎಕ್ಸ್, 60 ಸೆಂಟಿಮೀಟರಿನ 6ಎಕ್ಸ್‌ಗಿಂತ ಮೆದು. ಬಲವನ್ನೂ ಕಳೆದುಕೊಂಡಿಲ್ಲ. 6ಎಕ್ಸ್‌ಗೆ ಇಳಿದವನು ನೂರಕ್ಕೆ ಮೂವತ್ತು ಪಾಲು ಬಲವನ್ನು ಹೊಳೆಗೆ ಹಾಕಿದ.

ಒಂದು ಆಗಸ್ಟಿನಲ್ಲಿ ಕುತೂಹಲಕ್ಕೆ ಹೀಗೆ ಮಾಡಿದೆ. ದಡದ ಹುಲ್ಲಿನಲ್ಲಿ ಮಿಡತೆ ಹಿಡಿದು, ಕೊಕ್ಕೆ ಇಲ್ಲದೆ, ಬರೀ ನಾಲ್ಕಂಗುಲ 0ಎಕ್ಸ್ ನೈಲಾನನ್ನು ಹೊಟ್ಟೆಗೆ ಕಟ್ಟಿ ಸಣ್ಣ ಸೇತುವೆಯ ಮೇಲಿಂದ ಬಿಟ್ಟೆ. 0ಎಕ್ಸ್ ಎಂದರೆ 0.28 ಮಿಲಿಮೀಟರ್, ಟ್ರೌಟಿನವರ ಕಣ್ಣಲ್ಲಿ ಅದು ಬಾವಿ ಹಗ್ಗ. ಮಿಡತೆಯ ಹಿಂದೆ ಬಾಲದಂತೆ ಅದು ತೇಲುತ್ತಾ ಹೋಯಿತು. ಕೆಳಗಿದ್ದ ಟ್ರೌಟು ಎದ್ದು ನುಂಗಿತು, ಮುಂದಿನದನ್ನೂ ನುಂಗಿತು. ಅದೇ ದಾರವನ್ನು ಉದ್ದ ಮಾಡಿ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಬಿಟ್ಟಾಗ ಮಿಡತೆ ಎರಡು ಮಾರು ಹೋಗುವಷ್ಟರಲ್ಲೇ ಅಡ್ಡ ಜಾರಿತು, ಮೀನು ಅರ್ಧ ಎದ್ದು ಅಲ್ಲೇ ನಿಂತಿತು. ಇದನ್ನು ವಿಜ್ಞಾನ ಎಂದು ಕರೆಯಲಾರೆ, ಒಂದು ಸಂಜೆಯ ಹುಡುಗಾಟ ಅಷ್ಟೆ. ಆದರೆ ಯಾರು ಬೇಕಾದರೂ ಮಾಡಿ ನೋಡಬಹುದಾದ ಹುಡುಗಾಟ. ಅಷ್ಟಕ್ಕೂ, ದಾರ ಕಂಡು ಹೆದರುವ ಮೀನು ಫ್ಲೈಯ ಹೊಟ್ಟೆಯಡಿ ನೇತಾಡುವ ಉಕ್ಕಿನ ಕೊಕ್ಕೆಯನ್ನು ಕಂಡು ಯಾಕೆ ಹೆದರುವುದಿಲ್ಲ ಎಂದು ನಾನು ಕೇಳಿದಾಗಲೆಲ್ಲ ಸಪೂರವಾದಿಗಳು ಮಾತು ಬದಲಿಸುತ್ತಾರೆ.

ಅವರ ಬಲವಾದ ವಾದ ಇರುವುದು ಕಲಿತ ಮೀನುಗಳ ಬಗ್ಗೆ. ನಾನು ಹೋಗುವ ಸ್ಪ್ರಿಂಗ್ ಕ್ರೀಕ್, ಸ್ಟೇಟ್ ಕಾಲೇಜ್ ಎಂಬ ಊರಿನ ಪಕ್ಕದಲ್ಲಿ ಹರಿಯುವ ಸುಣ್ಣಕಲ್ಲಿನ ಒರತೆ ನೀರಿನ ಹೊಳೆ. ಕೆಪೋನ್, ಮೈರೆಕ್ಸ್ ಎಂಬ ಕೀಟನಾಶಕಗಳು ಸೇರಿ ಮೀನು ತಿನ್ನಲು ಅಯೋಗ್ಯವಾದದ್ದರಿಂದ 1982ರಿಂದ ಅಲ್ಲಿ ಹಿಡಿದದ್ದನ್ನು ಬಿಡಲೇಬೇಕು. ಹಾಗಾಗಿ ಅಲ್ಲಿಯ ಬ್ರೌನ್ ಟ್ರೌಟ್‌ಗಳು ಒಂದಲ್ಲ, ಹತ್ತಾರು ಸಲ ಕೊಕ್ಕೆಯ ರುಚಿ ಕಂಡವು, ನಮ್ಮ ಸಂತೆಯಲ್ಲಿ ತೂಕದ ಕಲ್ಲು ತಿರುಗಿಸಿ ನೋಡುವ ಅಜ್ಜಿಯಂದಿರ ಹಾಗೆ. ಅಂಥ ಮೀನು ದಾರವನ್ನು ಗುರುತಿಸಲು ಕಲಿತಿದೆ ಎಂಬುದು ಅವರ ಮಾತು. ಕಲಿತದ್ದು ನಿಜ, ಏನನ್ನು ಎಂಬುದೇ ಪ್ರಶ್ನೆ. ಆ ಹೊಳೆಯ ಮೇಲೆ ಯಾವಾಗಲೂ ಜೇಡರ ಎಳೆ, ಹುಲ್ಲಿನ ದಳ, ಮರದ ಹೂವಿನ ಕೇಸರ ತೇಲುತ್ತಿರುತ್ತವೆ. ಎಳೆಯಂಥದ್ದನ್ನು ಕಂಡಾಗಲೆಲ್ಲ ಓಡಿದರೆ ಮೀನು ಉಪವಾಸ ಸಾಯಬೇಕು. ಆದರೆ ನೀರಿಗೆ ವಿರುದ್ಧವಾಗಿ ಒಂದಂಗುಲ ಜಾರುವ ಹುಳ ಪ್ರಕೃತಿಯಲ್ಲಿ ಅಪರೂಪ. ಕಲಿಯಲು ಸುಲಭವಾದ ಪಾಠ ಅದು, ಮೀನು ಕಲಿತದ್ದೂ ಅದನ್ನೇ ಎಂಬುದು ನನ್ನ ಊಹೆ.

ಈಗ ಫ್ಲೋರೋಕಾರ್ಬನ್ ವಿಷಯಕ್ಕೆ ಬರಬೇಕು, ಯಾಕೆಂದರೆ ಕಾಣುವ ದಾರದ ಭಯವನ್ನು ಹಣ ಮಾಡಿಕೊಂಡದ್ದು ಅದು. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಈ ದಾರವನ್ನು ಮೀನುಗಾರರ ಕೈಗೆ ಕೊಟ್ಟಿತು. ನೈಲಾನಿಗಿಂತ ಎರಡು ಮೂರು ಪಟ್ಟು ಬೆಲೆ. ಮಾರುವ ಮಾತು ಒಂದೇ: ನೀರಿನಲ್ಲಿ ಮಾಯವಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋಕಾರ್ಬನ್ನಿನದು ಸುಮಾರು 1.42, ನೈಲಾನಿನದು ಸುಮಾರು 1.53. ಅಂಕಿಗಳು ಸರಿ, ತೀರ್ಮಾನ ಅವಸರದ್ದು. ಹೈಸ್ಕೂಲಿನಲ್ಲಿ ಮೇಷ್ಟ್ರು ಗಾಜಿನ ಕೊಳವೆಯನ್ನು ಗ್ಲಿಸರಿನ್‌ನಲ್ಲಿ ಮುಳುಗಿಸಿ ಮಾಯ ಮಾಡಿ ತೋರಿಸಿದ್ದು ನೆನಪಿದೆಯೇ? ಅಲ್ಲಿ ಎರಡರ ಸೂಚ್ಯಂಕವೂ 1.47ರ ಆಸುಪಾಸು, ಹೆಚ್ಚೂಕಡಿಮೆ ಒಂದೇ. 1.33ಕ್ಕೂ 1.42ಕ್ಕೂ ಆ ಸಂಬಂಧವಿಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ನೀರೊಳಗಿನ ನೈಲಾನಿನ ಮೈ ಹಿಂದಕ್ಕೆ ಕಳಿಸುವುದು ಶೇಕಡಾ ಅರ್ಧ, ಫ್ಲೋರೋಕಾರ್ಬನ್ ಕಳಿಸುವುದು ಶೇಕಡಾ 0.1. ಕಡಿಮೆ, ಒಪ್ಪೋಣ. ಆದರೆ ದುಂಡು ದಾರದ ಅಂಚಿನಲ್ಲಿ ಬೆಳಕು ಬಾಗಿ ಗೆರೆಯಾಗುವುದು ಎರಡರಲ್ಲೂ ಉಂಟು. ಲೋಟದ ನೀರಿಗೆ ಎರಡನ್ನೂ ಇಳಿಬಿಟ್ಟು ಕಿಟಕಿಯ ಕಡೆ ಹಿಡಿದು ನೋಡಿ. ಎರಡೂ ಕಾಣುತ್ತವೆ.

ಇಷ್ಟಾದರೂ ನನ್ನ ತಕರಾರು ಅದಲ್ಲ. ಒಂದೇ ದಪ್ಪದಲ್ಲಿ ಫ್ಲೋರೋಕಾರ್ಬನ್ ಸಾಮಾನ್ಯವಾಗಿ ನೈಲಾನಿಗಿಂತ ಸೆಟೆತದ್ದು. ಮೇಲೆ ತೇಲುವ ಡ್ರೈ ಫ್ಲೈಗೆ ಅದನ್ನು ಕಟ್ಟಿದವನು ಕಾಣದಿರಲಿ ಎಂದು ಹಣ ಕೊಟ್ಟು ಎಳೆತವನ್ನು ಮನೆಗೆ ತಂದ. ನೀರಿನ ತಳದಲ್ಲಿ ಉರುಳಿಸುವ ನಿಂಫ್‌ಗಾದರೆ ಅದನ್ನೇ ನಾನೂ ಕಟ್ಟುತ್ತೇನೆ. ಕಲ್ಲಿಗೆ ಉಜ್ಜಿದರೆ ಬೇಗ ಸವೆಯುವುದಿಲ್ಲ, ನೀರು ಕುಡಿದು ಬಲ ಕಳೆದುಕೊಳ್ಳುವುದಿಲ್ಲ, ಸಾಂದ್ರತೆ 1.78 ಇರುವುದರಿಂದ 1.14ರ ನೈಲಾನಿಗಿಂತ ಬೇಗ ಮುಳುಗುತ್ತದೆ. ಅದರ ಗುಣ ಅಲ್ಲಿದೆ. ಮಾಯಾವಿದ್ಯೆಯಲ್ಲಿ ಇಲ್ಲ. ಕತ್ತರಿಸಿದ ತುಂಡನ್ನು ಹೊಳೆಗೆ ಎಸೆಯುವವರು ಮಾತ್ರ ಒಂದು ವಿಷಯ ನೆನಪಿಡಬೇಕು: ಬಿಸಿಲಿಗೆ ಜಗ್ಗದ ದಾರ ಅದು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ದಾರ ಕಾಣುವುದೇ ತೊಂದರೆಯಾಗುವ ಜಾಗ ಇಲ್ಲವೇ ಇಲ್ಲ ಎಂದರೆ ಹಟವಾದೀತು. ಕನ್ನಡಿಯಂತೆ ನಿಂತ ಮಡುವಿನಲ್ಲಿ, ಮಟಮಟ ಮಧ್ಯಾಹ್ನ, ಅದು ಇದೆ. ಆದರೆ ಅಲ್ಲೂ ಕಾರಣ ನಾವೆಣಿಸಿದ್ದಲ್ಲ. ನೀರೊಳಗಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಲೋಕ ಕಾಣುವುದು ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯಲ್ಲಿ ಮಾತ್ರ. ಅದರಾಚೆ ನೀರಿನ ಮೇಲ್ಮೈ ಹೊಳೆಯ ತಳವನ್ನೇ ಪ್ರತಿಬಿಂಬಿಸುವ ಕನ್ನಡಿ. ತೇಲುವ ದಾರ ನೀರಿನ ತೊಗಲನ್ನು ಉದ್ದಕ್ಕೂ ಒತ್ತಿ ಆ ಕನ್ನಡಿಗೆ ಒಂದು ಗೀರು ಎಳೆಯುತ್ತದೆ, ತಳದಲ್ಲಿ ದಾರಕ್ಕಿಂತ ಎಷ್ಟೋ ಪಾಲು ದಪ್ಪದ ನೆರಳನ್ನೂ ಬೀಳಿಸುತ್ತದೆ. ಬಿಸಿಲಲ್ಲಿ ಕೆರೆಯ ಮೇಲೆ ನಿಂತ ನೀರ್ಜೇಡದ ಕಾಲಡಿ ತಳದಲ್ಲಿ ಕಾಣುವ ದೊಡ್ಡ ಕಪ್ಪು ಚುಕ್ಕೆಗಳು, ಅದೇ ಇದು. ಈ ಗೀರಿಗೆ ಸೂಚ್ಯಂಕದ ಹಂಗಿಲ್ಲ. ತೇಲಿದರೆ ಫ್ಲೋರೋಕಾರ್ಬನ್ನೂ ಗೀರುತ್ತದೆ. ಮದ್ದು ದಾರವನ್ನು ಮುಳುಗಿಸುವುದು. ಅದಕ್ಕೆ ಅಂಗಡಿಯಲ್ಲಿ ಒಂದು ಪುಟ್ಟ ಡಬ್ಬಿ ಮಾರುತ್ತಾರೆ. ಅದರೊಳಗಿನ ಬೂದು ಮಣ್ಣು ಏನೆಂದು ವಿಚಾರಿಸಿದರೆ ನಮ್ಮ ಮನೆಯ ಹೆಂಗಸರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ! ಅದಕ್ಕೆ ನಾಲ್ಕು ಹನಿ ಗ್ಲಿಸರಿನ್, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಕಲಸಿ, ಟಿಪ್ಪೆಟ್‌ನ ಕೊನೆಯ ಒಂದೆರಡು ಅಡಿಗೆ ಉಜ್ಜಿದರೆ ಜಿಡ್ಡು ಹೋಗಿ ದಾರ ಮುಳುಗುತ್ತದೆ. ನನ್ನ ಡಬ್ಬಿ ಹೆಂಡತಿಯ ಕಪಾಟಿನಿಂದ ಬಂದದ್ದು.

ಲೀಡರಿನ ಆಕಾರದ ಬಗ್ಗೆಯೂ ಒಂದು ವೇದವಾಕ್ಯ ಇದೆ: 60-20-20. ಬುಡದ ದಪ್ಪ ಭಾಗ ನೂರಕ್ಕೆ 60, ಸಪೂರವಾಗುವ ಭಾಗ 20, ಟಿಪ್ಪೆಟ್ 20. ಪ್ಯಾರಿಸ್ಸಿನ ರಿಟ್ಜ್ ಹೋಟೆಲಿನ ಮನೆತನದ ಚಾರ್ಲ್ಸ್ ರಿಟ್ಜ್ ಅವರ ಹೆಸರಿನಲ್ಲಿ ನಡೆಯುವ ಸೂತ್ರ ಇದು. ರಿಟ್ಜ್ ದೊಡ್ಡ ಎಸೆತಗಾರ, ಸೂತ್ರ ಎಸೆತಕ್ಕೆ ಹೇಳಿ ಮಾಡಿಸಿದ್ದು. ದಪ್ಪ ಬುಡ ಲೈನಿನ ಶಕ್ತಿಯನ್ನು ತುದಿಯ ತನಕ ತಲುಪಿಸಿ, ಲೀಡರನ್ನು ಸುರುಳಿ ಬಿಚ್ಚಿದ ಚಾಪೆಯಂತೆ ನೀಟಾಗಿ ನೇರಕ್ಕೆ ಚಾಚಿ, ಫ್ಲೈಯನ್ನು ತುದಿಯಲ್ಲಿ ಇಡುತ್ತದೆ. ಗಾಳಿ ಇರುವ ದಿನ ಇದು ಬೇಕು. ಭಾರದ ಫ್ಲೈಗೂ ಬೇಕು. ಆದರೆ ನೇರಕ್ಕೆ ಚಾಚಿ ಬಿದ್ದ ದಾರದಲ್ಲಿ ಒಂದಂಗುಲವೂ ಸಡಿಲವಿಲ್ಲ. ನಡುವಿನ ವೇಗದ ನೀರು ಲೈನನ್ನು ಮುಟ್ಟಿದ ಕ್ಷಣವೇ ಫ್ಲೈಗೆ ಸುದ್ದಿ ಮುಟ್ಟುತ್ತದೆ. ನೋಡುಗರು ತಲೆದೂಗುವ ಎಸೆತ, ಮೀನು ತಿರುಗಿ ಹೋಗುವ ಎಸೆತ, ಎಷ್ಟೋ ಸಲ ಎರಡೂ ಒಂದೇ.

ಇದನ್ನು ಕಂಡುಕೊಂಡು ಸೂತ್ರವನ್ನು ತಲೆಕೆಳಗು ಮಾಡಿದವರು ಜಾರ್ಜ್ ಹಾರ್ವಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಫ್ಲೈ ಫಿಶಿಂಗನ್ನು ಅಂಕ ಸಿಗುವ ಪಾಠವಾಗಿ ಕಲಿಸಿದ ಮೇಷ್ಟ್ರು. 1911ರಲ್ಲಿ ಹುಟ್ಟಿ 2008ರ ತನಕ ಬದುಕಿದ್ದವರು. ಬುಡದ ದಪ್ಪ ಇಂಚಿನ ಸಾವಿರದಲ್ಲಿ 21 ಇರಬೇಕು ಎಂದು ಎಲ್ಲರೂ ಹೇಳುತ್ತಿದ್ದಾಗ ಹಾರ್ವಿ 17ಕ್ಕೆ ಇಳಿಸಿದರು, ಮುಂದಿನ ಅರ್ಧಕ್ಕೆ ಮೆದು ನೈಲಾನ್ ಕಟ್ಟಿದರು, ಟಿಪ್ಪೆಟನ್ನು ಉದ್ದ ಮಾಡಿದರು. ಅವರ ಲೀಡರ್ ನೇರಕ್ಕೆ ಬೀಳುವುದಿಲ್ಲ. ಕೊನೆಯ ಮೂರ್ನಾಲ್ಕು ಅಡಿ ಹಾವು ಹರಿದಂತೆ ಅಂಕುಡೊಂಕಾಗಿ ಬೀಳುತ್ತದೆ. ಆ ಡೊಂಕುಗಳನ್ನು ನೀರು ಒಂದೊಂದಾಗಿ ಬಿಡಿಸುವಷ್ಟು ಹೊತ್ತು ಫ್ಲೈ ಸ್ವತಂತ್ರ. ಅವರ ಪರೀಕ್ಷೆಗೆ ಕೋಷ್ಟಕ ಬೇಡ. ಕಟ್ಟಿದ ಫ್ಲೈಯೊಂದಿಗೆ ಒಂದು ಸಲ ಎಸೆದು ನೋಡಬೇಕು. ಟಿಪ್ಪೆಟ್ ನೇರ ಬಿದ್ದರೆ ಉದ್ದ ಮಾಡಬೇಕು, ಒಂದೇ ಕಡೆ ಗುಪ್ಪೆಯಾಗಿ ಬಿದ್ದರೆ ಕತ್ತರಿಸಬೇಕು. ಫ್ಲೈ ಬದಲಾದರೆ ಮತ್ತೆ ನೋಡಬೇಕು. ಆ ವಿಶ್ವವಿದ್ಯಾಲಯದ ಊರಾದ ಸ್ಟೇಟ್ ಕಾಲೇಜಿನಲ್ಲೇ ವಾಸವಿದ್ದೂ ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಆರು ವರ್ಷ ಬೇಕಾಯಿತು. ದೀಪದ ಬುಡ ಕತ್ತಲೆ.

ಎಳೆತವೇ ಮುಖ್ಯ ಎಂಬುದಕ್ಕೆ ಜಪಾನಿನ ಟೆಂಕಾರಾ ಇನ್ನೊಂದು ಸಾಕ್ಷಿ. ಗುಡ್ಡದ ತೊರೆಗಳಲ್ಲಿ ರೀಲಿಲ್ಲದ ಉದ್ದ ಕೋಲು ಹಿಡಿದು, ಕೋಲನ್ನು ಎತ್ತಿ ದಾರವೆಲ್ಲ ಗಾಳಿಯಲ್ಲೇ ಇರುವಂತೆ ನೋಡಿಕೊಂಡು, ಫ್ಲೈ ಮತ್ತು ಟಿಪ್ಪೆಟ್‌ನ ತುದಿಯನ್ನಷ್ಟೇ ನೀರಿಗೆ ತಾಗಿಸುವ ಕ್ರಮ ಅದು. ಅದನ್ನು ಮೊದಲು ಕಂಡಾಗ ನಕ್ಕೆ. ತೀರ್ಥಹಳ್ಳಿಯ ಹತ್ತಿರ ತುಂಗೆಯ ಬಂಡೆಯ ಮೇಲೆ ಕೂತು ಬಿದಿರ ಕೋಲಿನ ತುದಿಯಿಂದ ಮಿಡತೆಯನ್ನು ಇಳಿಬಿಡುತ್ತಿದ್ದಾಗ ನಾವು ಹುಡುಗರು ಮಾಡುತ್ತಿದ್ದದ್ದು ಇನ್ನೇನು? ನಮ್ಮ ದಾರ ಈಗಿನ ಲೆಕ್ಕದಲ್ಲಿ ನಾಚಿಕೆಯಾಗುವಷ್ಟು ದಪ್ಪ, ಮೇಲಾಗಿ ಹಸಿರು ಬಣ್ಣದ್ದು. ಮೀನು ಕಚ್ಚುತ್ತಿತ್ತು. ದಾರ ನೀರಿಗೆ ತಾಗುತ್ತಿರಲಿಲ್ಲ, ಅಷ್ಟೆ.

ಹಾಗಾದರೆ ನಾನು ಕಟ್ಟುವುದು ಹೇಗೆ? ಅಂಗಡಿಯಲ್ಲಿ ಸಿಗುವ ಒಂಬತ್ತು ಅಡಿಯ, 3ಎಕ್ಸ್ ತುದಿಯ ನೈಲಾನ್ ಲೀಡರ್ ತರುತ್ತೇನೆ. ಅದರ ತುದಿಗೆ ಒಂದೂವರೆ ಅಡಿ 4ಎಕ್ಸ್, ಅದರ ಮುಂದೆ ಮೂರು ಅಡಿ, ಕೆಲವೊಮ್ಮೆ ನಾಲ್ಕು ಅಡಿ 5ಎಕ್ಸ್. ಮೆದು ನೈಲಾನ್, ಫ್ಲೋರೋಕಾರ್ಬನ್ ಅಲ್ಲ. ಗಂಟು ಸರ್ಜನ್ಸ್ ನಾಟ್, ಮೂರು ಸುತ್ತು; ಎಳೆಯುವ ಮುಂಚೆ ಎಂಜಲು ಹಚ್ಚಬೇಕು, ಒಣಗಂಟು ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಅಕ್ಕಪಕ್ಕದ ತುಂಡುಗಳ ನಡುವೆ ಇಂಚಿನ ಸಾವಿರದಲ್ಲಿ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು, ಇದ್ದರೆ ಗಂಟಿನಲ್ಲೇ ಮುರಿದುಕೊಳ್ಳುತ್ತದೆ. ಕೊಕ್ಕೆಯ ನಂಬರನ್ನು 3ರಿಂದ ಭಾಗಿಸಿದರೆ ಎಕ್ಸ್ ಸಿಗುತ್ತದೆ ಎಂಬ ಸೂತ್ರ ತೀರಾ ಕೆಟ್ಟದ್ದಲ್ಲ. ಆದರೆ ಅದು ಇರುವುದು ದೊಡ್ಡ ಫ್ಲೈ ಗಾಳಿಯಲ್ಲಿ ಗಿರಗಿಟ್ಲೆಯಾಗಿ ಸಪೂರ ದಾರವನ್ನು ಹುರಿ ಹಾಕದಿರಲಿ ಎಂಬುದಕ್ಕೆ, ಮೀನಿನ ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ. 18ರ ಕೊಕ್ಕೆಗೆ ಸೂತ್ರ 6ಎಕ್ಸ್ ಹೇಳುತ್ತದೆ. ನಾನು ಉದ್ದದ 5ಎಕ್ಸ್ ಕಟ್ಟುತ್ತೇನೆ. ಬೇಸಿಗೆಯ ಬೆಳಿಗ್ಗೆ ಏಳುವ ಟ್ರೈಕೋ ಹುಳಗಳ 24ರ ಕೊಕ್ಕೆಯ ಕಣ್ಣಿನಲ್ಲಿ 5ಎಕ್ಸ್ ತೂರುವುದೇ ಕಷ್ಟ, ಆಗ ಮಾತ್ರ 6ಎಕ್ಸ್.

ಸಪೂರದ ಹುಚ್ಚಿಗೆ ಬೆಲೆ ತೆರುವುದು ಮೀನು. 7ಎಕ್ಸ್ ಕಟ್ಟಿದವನು ದಾರ ಹರಿದೀತೆಂಬ ಭಯದಲ್ಲಿ ಮೀನನ್ನು ಆಡಿಸುತ್ತಲೇ ಇರುತ್ತಾನೆ. ಎರಡು ನಿಮಿಷದಲ್ಲಿ ಬಲೆಗೆ ಬರಬೇಕಾದದ್ದು ಎಂಟು ನಿಮಿಷ ಎಳೆದಾಡಿ, ಕೊನೆಗೆ ಬಿಟ್ಟಾಗ ಹೊಟ್ಟೆ ಮೇಲಾಗಿ ತೇಲುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಆಮ್ಲಜನಕ ಮೊದಲೇ ಕಡಿಮೆ. ಅಂಥ ದಿನ ಗಾಳವನ್ನೇ ಹಾಕಬಾರದು, ಹಾಕುವವನು 7ಎಕ್ಸ್ ಅಂತೂ ಹಾಕಬಾರದು. ದಾರ ಹರಿದರೆ ಬಾಯಲ್ಲಿ ಕೊಕ್ಕೆ, ಬಾಲದಂತೆ ದಾರ. ಮೀನಿಗೆ ಬುದ್ಧಿವಂತಿಕೆಯಲ್ಲಿ ಸಮನಾದೆ ಎಂದು ಬೀಗುವ ಈ ಕ್ರೀಡೆಯಲ್ಲಿ, ಮೀನು ಕೊಕ್ಕೆ ಕಚ್ಚಿದ ಮೇಲಿನ ಮರ್ಯಾದೆ ಇದೇ ಏನು? ಊರಿಂದ ಬಂದಿದ್ದ ಹೆಂಡತಿಯ ತಮ್ಮ ಒಂದು ಸಂಜೆ ನನ್ನ ಜೊತೆ ಹೊಳೆಗೆ ಬಂದಿದ್ದ. ಮಬ್ಬು ಬೆಳಕಿನಲ್ಲಿ 7ಎಕ್ಸ್ ತುದಿಯನ್ನು ಕೊಕ್ಕೆಯ ಕಣ್ಣಿಗೆ ತೂರಿಸಲು ನಾನು ಒದ್ದಾಡುತ್ತಿದ್ದದ್ದನ್ನು ಹತ್ತು ನಿಮಿಷ ನೋಡಿ, "ಇದೇನ್ ಭಾವ, ಮೀನು ಹಿಡಿಯಕ್ಕೆ ಬಂದಿದ್ದಾ, ಸೂಜಿಗೆ ದಾರ ಪೋಣಿಸಕ್ಕಾ?" ಎಂದ. ಅಷ್ಟರಲ್ಲಿ ಹುಳ ಏಳುವುದು ಮುಗಿದು ಹೊಳೆ ಮೌನವಾಗಿತ್ತು. ಆ 7ಎಕ್ಸ್ ರೀಲು ಈಗ ಮಗಳ ಮಣಿಸರದ ಪೆಟ್ಟಿಗೆಯಲ್ಲಿದೆ.

ಕಂಪನಿಗಳವರಲ್ಲಿ ಒಂದು ಬೇಡಿಕೆ. ಎಕ್ಸ್ ಎಂಬ ಸತ್ತ ಹುಳದ ಲೆಕ್ಕವನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿ, ಮಿಲಿಮೀಟರನ್ನು ಭೂತಗನ್ನಡಿಗೆ ಬಿಡುವುದನ್ನು ನಿಲ್ಲಿಸಿ. ಎರಡು ಕಂಪನಿಗಳ 5ಎಕ್ಸ್‌ಗಳನ್ನು ಮೈಕ್ರೋಮೀಟರಿನಲ್ಲಿ ಅಳೆದಾಗ ಒಂದು ಇನ್ನೊಂದಕ್ಕಿಂತ ದಪ್ಪ ಬಂದದ್ದನ್ನು ನಾನೇ ನೋಡಿದ್ದೇನೆ. ಹೆಚ್ಚು ಬಲ ಎಂದು ಹೊಗಳಿಸಿಕೊಂಡದ್ದು ದಪ್ಪ ಇದ್ದದ್ದೇ. ದಪ್ಪವನ್ನು ಮಿಲಿಮೀಟರಿನಲ್ಲಿ, ಬಲವನ್ನು ನೆನೆದ ದಾರಕ್ಕೆ ಗಂಟು ಹಾಕಿ ಅಳೆದು ಬರೆಯಲಿ. ಓದುಗರಲ್ಲಿ ಹೊಳೆಗೆ ಇಳಿಯುವವರಿದ್ದರೆ ಅವರಿಗೂ ಒಂದು ಮಾತು: ಮುಂದಿನ ಸಲ ಮೀನು ಬಂದು ತಿರುಗಿ ಹೋದಾಗ ಸಪೂರದ ರೀಲಿಗೆ ಕೈ ಹಾಕುವ ಮುಂಚೆ, ಕಟ್ಟಿರುವ ದಾರಕ್ಕೇ ಇನ್ನೊಂದು ಅಡಿ ಸೇರಿಸಿ ಎಸೆದು ನೋಡಿ.